ಯೇಸುವನ್ನು ಬಾಳಿಗೆ ಬರಮಾಡಿಕೊಳ್ಳುವುದು ಹೇಗೆ? ಅದಕ್ಕೆ ನಿರ್ದಿಷ್ಟ ಪ್ರಾರ್ಥನೆ ಇದೆಯೇ?

ನಿರ್ದಿಷ್ಟ ಪ್ರಾರ್ಥನೆ ಅಂತ ಒಂದಿಲ್ಲ. ನಾನು ತಪ್ಪು ದಾರಿಯಲ್ಲಿದ್ದೇನೆ ಎಂದು ಒಪ್ಪಿಕೊಂಡು, ಯೇಸು ನನಗಾಗಿ ಸತ್ತು ಮತ್ತೆ ಎದ್ದ ಎಂದು ನಂಬಿ, ಇನ್ನು ಈ ಬದುಕು ನಿನ್ನದು ಎಂದು ಅವನಿಗೆ ಒಪ್ಪಿಸುವುದು. ಕ್ರೈಸ್ತ ನಂಬಿಕೆಯಲ್ಲಿ ಬರಮಾಡಿಕೊಳ್ಳುವುದು ಅಂದರೆ ಇದೇ. ಆದಿ ಕ್ರೈಸ್ತ ಬೋಧಕ ಪೌಲನು ರೋಮಾಪುರದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದಲ್ಲಿ (10:9) ಕೇಳುವುದೂ ಇಷ್ಟೇ: ಯೇಸುವೇ ಕರ್ತನೆಂದು ಬಾಯಿಂದ ಹೇಳಬೇಕು, ದೇವರು ಅವನನ್ನು ಸಾವಿನಿಂದ ಎಬ್ಬಿಸಿದನೆಂದು ಮನಸಾರೆ ನಂಬಬೇಕು.

ಮೊದಲು ಒಳ್ಳೆಯವರಾಗಿ ಆಮೇಲೆ ಬರಬೇಕು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಕ್ರಮ ಉಲ್ಟಾ. ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನನ್ನು ನೋಡಿ. ಯೆರಿಕೋ ಊರಲ್ಲಿ ಸುಂಕ ವಸೂಲಿ ಮಾಡುವವರ ಮುಖ್ಯಸ್ಥ, ಭಾರಿ ಹಣವಂತ, ಜನರ ಕಣ್ಣಲ್ಲಿ ಪಾಪಿ. ಕುಳ್ಳನಾದ್ದರಿಂದ ಮರ ಹತ್ತಿ ಕೂತಿದ್ದ. ಬೇಗ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇರಬೇಕು ಅಂತ ಯೇಸುವೇ ಕರೆದ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ 4 ಪಟ್ಟು ವಾಪಸು ಎಂದು ಜಕ್ಕಾಯ ಹೇಳಿದ್ದು ಆಮೇಲೆ. ಕೃಪೆ, ಅಂದರೆ ಯೋಗ್ಯತೆ ನೋಡದೆ ದೇವರು ತೋರುವ ದಯೆ, ಮೊದಲು ಬರುತ್ತದೆ. ಬದಲಾವಣೆ ಅದರ ಫಲ. ಹಾಗಂತ ಏನೂ ಬದಲಾಗದಿದ್ದರೆ ಅದು ಬರೀ ಬಾಯಿಮಾತು, ಅಲ್ವಾ?

ರೂಢಿ ಮಾತ್ರ ಸಭೆಯಿಂದ ಸಭೆಗೆ, ಅಂದರೆ ಚರ್ಚಿನಿಂದ ಚರ್ಚಿಗೆ, ಬೇರೆ. ಕಥೋಲಿಕ, ಆರ್ಥೊಡಾಕ್ಸ್ ಸಭೆಗಳಲ್ಲಿ ಇದರ ಬಾಗಿಲು ದೀಕ್ಷಾಸ್ನಾನ, ಅಂದರೆ ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ. ಹೆಚ್ಚಿನವರಿಗೆ ಅದು ಕೂಸಾಗಿದ್ದಾಗಲೇ ಆಗಿರುತ್ತದೆ. ಪ್ರೊಟೆಸ್ಟೆಂಟರಲ್ಲಿ ಒಂದು ಗುಂಪಾದ ಇವಾಂಜೆಲಿಕಲ್ ಸಭೆಗಳು ಸ್ವಂತ ತೀರ್ಮಾನಕ್ಕೆ ಒತ್ತು ಕೊಡುತ್ತವೆ. ಅಲ್ಲಿ ಪಾದ್ರಿ ಹೇಳಿಕೊಡುವ ಪ್ರಾರ್ಥನೆಯನ್ನು ಸಾಲುಸಾಲಾಗಿ ಹೇಳುವುದುಂಟು. ಅದು ನೆರವಿಗೆ ಅಷ್ಟೇ. ಸುಮ್ನೆ ಕೂತು ನಿಮ್ಮ ಮಾತಿನಲ್ಲೇ ಕೇಳಿಕೊಂಡರೂ ನಡೆಯುತ್ತದೆ.