ಟೈಮ್ ಇಲ್ಲದಿದ್ದರೆ ಯಾವುದನ್ನು ಬಿಡೋದು?

ಪ್ರಶ್ನೆ: ಸರ್, ನಾನು ಬದಿಯಡ್ಕ ಕಡೆಯವನು. ಕಾಸರಗೋಡಿನಲ್ಲಿ ಡಿಗ್ರಿ ಎರಡನೇ ವರ್ಷ. ಕಾಲೇಜು ಬಿಟ್ಟ ಮೇಲೆ ಕಬಡ್ಡಿ ಪ್ರಾಕ್ಟೀಸ್ ಉಂಟು, ಆದರೆ ಬಸ್ಸಿನ ಗಡಿಬಿಡಿಯಲ್ಲಿ ಸಿಗುವುದೇ ಒಂದು ಗಂಟೆ. ವಾರ್ಮ್ ಅಪ್ ಅಂದರೆ ಕಾಲು ಚಾಚಿ ಕೂತು ಬೆರಳು ಮುಟ್ಟುವುದು, ಅಷ್ಟೇ. ಆಟ ಮುಗಿದ ಮೇಲೆ ಮೈ ತಣಿಸುವ ಕೂಲ್ ಡೌನ್ ಯಾರೂ ಮಾಡುವುದಿಲ್ಲ. ಕಳೆದ ತಿಂಗಳು ರೈಡ್ ಮಾಡುವಾಗ ಬಲತೊಡೆಯ ಹಿಂಭಾಗ ಚಟ್ ಅಂತ ಹಿಡಿದುಕೊಂಡಿತು. ಈಗ ನೋವಿಲ್ಲ. ಇವೆರಡೂ ನಿಜವಾಗಿ ಬೇಕಾ?
– ಹೆಸರು ಬೇಡ, ಬದಿಯಡ್ಕ

ಉತ್ತರ: ಬಿಡಲೇಬೇಕಾದರೆ ಕೂಲ್ ಡೌನ್ ಬಿಡಿ, ವಾರ್ಮ್ ಅಪ್ ಮಾತ್ರ ಬಿಡಬೇಡಿ.

ಒಂದು ರೈಡ್ ಅಂದರೆ 30 ಸೆಕೆಂಡು. ಅಷ್ಟರಲ್ಲೇ ನುಗ್ಗಬೇಕು, ತಿರುಗಬೇಕು, ಕಾಲು ಚಾಚಿ ಮುಟ್ಟಿ ಗೆರೆಗೆ ಹಾರಬೇಕು. ಬೆಳಿಗ್ಗೆಯಿಂದ ಬಸ್ಸಿನಲ್ಲೂ ಬೆಂಚಿನಲ್ಲೂ ಕೂತ ಕಾಲಿಗೆ ಇದನ್ನು ಒಮ್ಮೆಲೇ ಮಾಡು ಅಂದರೆ ಹೇಗೆ? ಸ್ನಾಯು ಬಿಸಿಯಾದರೆ ಬೇಗ ಬಿಗಿಯುತ್ತದೆ, ಬೇಗ ಸಡಿಲವಾಗುತ್ತದೆ. ನೀವು ಕೂತು ಬೆರಳು ಮುಟ್ಟಿದರೆ ಆ ಬಿಸಿ ಬರುವುದಿಲ್ಲ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಬಲವೇ ಕಡಿಮೆಯಾಗುತ್ತದೆ, ಹಾಗಾಗಿ ಅದನ್ನು ಆಟದ ನಂತರಕ್ಕೋ ರಾತ್ರಿ ಮನೆಗೋ ಇಟ್ಟುಕೊಳ್ಳಿ.

ಬದಲಿಗೆ 5 ನಿಮಿಷ ಮೈದಾನಕ್ಕೆ ನಿಧಾನ ಸುತ್ತು ಹೊಡೆಯಿರಿ. ಆಮೇಲೆ ಮೊಣಕಾಲು ಎತ್ತಿ ಓಡುವುದು, ಓಡುತ್ತಾ ಹಿಮ್ಮಡಿ ಪೃಷ್ಠಕ್ಕೆ ತಾಗಿಸುವುದು, ಅಡ್ಡ ಹೆಜ್ಜೆ, ಉದ್ದ ಹೆಜ್ಜೆ ಇಟ್ಟು ಕೆಳಗಿಳಿಯುವುದು, ಕೊನೆಗೆ ಅರ್ಧ ವೇಗದಲ್ಲಿ ಎರಡು ಮೂರು ರೈಡ್. ಎಲ್ಲಾ ಸೇರಿ 15 ನಿಮಿಷ. ಬೆವರು ಬಂತು, ಸಾಕು ಅಂತ ನಿಲ್ಲಿಸಬೇಡಿ. ನಮ್ಮ ಕರಾವಳಿಯಲ್ಲಿ ಏಪ್ರಿಲ್‌ನಲ್ಲಿ ಸುಮ್ನೆ ಕೂತರೂ ಬೆವರುತ್ತದೆ ಅಲ್ವಾ? ಮಳೆಗಾಲದಲ್ಲಿ ಆಟ ನಿಲ್ಲಿಸಿ ಒದ್ದೆಯಾಗಿ ಅರ್ಧ ಗಂಟೆ ನಿಂತಿದ್ದರೆ, ಮತ್ತೆ ಇಳಿಯುವ ಮೊದಲು ಇನ್ನೊಮ್ಮೆ ಮೈ ಬಿಸಿ ಮಾಡಿ.

ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಫುಟ್‌ಬಾಲ್‌ನವರಿಗೆ 'ಫಿಫಾ 11+' ಅಂತ 20 ನಿಮಿಷದ ವಾರ್ಮ್ ಅಪ್ ಉಂಟು. ಓಟದ ಜೊತೆ ಬಲ ಮತ್ತು ಸಮತೋಲನದ ವ್ಯಾಯಾಮವೂ ಅದರಲ್ಲಿದೆ. ನಾರ್ವೆಯಲ್ಲಿ 13ರಿಂದ 17 ವರ್ಷದ 1,800ಕ್ಕೂ ಹೆಚ್ಚು ಹುಡುಗಿಯರ ಮೇಲೆ ಅದನ್ನು ಪರೀಕ್ಷಿಸಿದರು, ಫಲಿತಾಂಶ 2008ರಲ್ಲಿ ಬಂತು. ಅದನ್ನು ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆ ಇದ್ದವು.

ಇನ್ನು ಕೂಲ್ ಡೌನ್. ಜೋರಾಗಿ ಆಡುವಾಗ ಸ್ನಾಯುವಿನಲ್ಲಿ ಉಂಟಾಗುವ ಲ್ಯಾಕ್ಟಿಕ್ ಆಸಿಡ್ ಅಲ್ಲೇ ನಿಂತು ಮರುದಿನ ಮೈಕೈ ನೋಯುತ್ತದೆ ಅಂತ ತುಂಬಾ ಜನ ಹೇಳುತ್ತಾರೆ, ಅದು ಸರಿಯಲ್ಲ. ಆ ಆಸಿಡ್ ಸುಮಾರು ಒಂದು ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ನೋವು ಜಾಸ್ತಿಯಾಗುವುದು ಒಂದರಿಂದ ಮೂರು ದಿನದಲ್ಲಿ, ಅದಕ್ಕೆ ಕಾರಣ ಸ್ನಾಯುವಿನ ಎಳೆಗಳಲ್ಲಾದ ಸಣ್ಣ ಪೆಟ್ಟು, ಸ್ಟ್ರೆಚಿಂಗ್ ಮಾಡಿದರೂ ಅದು ಹೆಚ್ಚೇನೂ ತಗ್ಗುವುದಿಲ್ಲ. ಆದರೆ ಓಡಿದವರು ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗಬಹುದು. ಹಾಗಾಗಿ ಐದು ನಿಮಿಷ ಮೊದಲೇ ಹೊರಟು ಬಸ್ ಸ್ಟಾಪಿಗೆ ನಡೆಯಿರಿ. ಅದೇ ನಿಮ್ಮ ಕೂಲ್ ಡೌನ್.

ನನಗೆ ನಿಜವಾಗಿ ಚಿಂತೆಯಿರುವುದು ನಿಮ್ಮ ತೊಡೆಯ ಬಗ್ಗೆ. ಒಮ್ಮೆ ಹಿಡಿದುಕೊಂಡ ಜಾಗ ಮತ್ತೆ ಹಿಡಿದುಕೊಳ್ಳುವ ಸಾಧ್ಯತೆ ಜಾಸ್ತಿ. ನೋವು ಹೋದ ಮಾತ್ರಕ್ಕೆ ಬಲ ಬಂತು ಅಂತ ಅಲ್ಲ. ಜೋರಾಗಿ ಓಡುವಾಗ ಈಗಲೂ ಎಳೆದ ಹಾಗೆ ಆದರೆ ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಅವರು ಸರಿ ಅಂದ ಮೇಲೆ ಒಂದು ವ್ಯಾಯಾಮ ಶುರು ಮಾಡಿ: ಮಂಡಿಯೂರಿ ನಿಲ್ಲಿ, ಗೆಳೆಯ ಹಿಂದಿನಿಂದ ಎರಡೂ ಪಾದ ಗಟ್ಟಿ ಹಿಡಿಯಲಿ, ಸೊಂಟ ಬಾಗಿಸದೆ ಆದಷ್ಟು ನಿಧಾನ ಮುಂದಕ್ಕೆ ಬಾಗಿ, ಕೊನೆಗೆ ಕೈ ಊರಿ. ಮೊದಲ ವಾರ ಒಂದೇ ದಿನ, 5 ಸಲದಂತೆ 2 ಸುತ್ತು ಸಾಕು. ಮರುದಿನ ತೊಡೆ ನೋಯುತ್ತದೆ, ಹೆದರಬೇಡಿ.