ಓದುಗರ ಪ್ರಶ್ನೆ: ಎರಡು ಎಕರೆ ಲಾನ್‌ಗೆ ಗೊಣ್ಣೆ ಹುಳ ಬಿದ್ದಿದೆ, ಈಗ ಔಷಧ ಹಾಕಬೇಕಾ?

ಪ್ರಶ್ನೆ: ಸರ, ನಮಸ್ಕಾರ್ರಿ. ಗೋಕಾಕ ತಾಲೂಕಿನ್ಯಾಗ ನಮ್ದು ನಾಕ್ ಎಕರೆ ಜಾಗಾ ಐತ್ರಿ, ಅದರಾಗ ಎರಡ ಎಕರೆ ಲಾನ್ ಮಾಡಿ ಮದುವಿ ಫಂಕ್ಷನ್‌ಗೆ ಬಾಡಿಗಿ ಕೊಡ್ತೀವಿ. ಗಣಪತಿ ಹಬ್ಬ ಆದಮ್ಯಾಲೆ ಅಲ್ಲಲ್ಲಿ ಹುಲ್ಲ ಹಳದಿ ಆತು, ನೀರ ಸಾಲಂಗಿಲ್ಲ ಅಂತ ಜಾಸ್ತಿ ಬಿಟ್ವಿ, ಈಗ ಅಕ್ಟೋಬರ್‌ನ್ಯಾಗ ನೋಡಿದ್ರ ಹಿಡದ ಎಳದ್ರ ಸಾಕು ಹುಲ್ಲ ಚಾಪಿ ಸುತ್ತಿದಂಗ ಎದ್ದ ಬರ್ತೈತಿ, ಬುಡಕ ಬಿಳಿ ಹುಳ. ಮೂರ ಕಡೆ ಮಂದಿ ಕಬ್ಬು, ಬೇಲಿಗುಂಟ ನಮ್ಮ ಬೇವಿನ ಗಿಡ. ರಾತ್ರಿ ಹಂದಿ ಬಂದ ಕೆದರಿ ಹೊಕ್ಕಾವು. ಔಷಧ ಅಂಗಡ್ಯಾಗ ಹರಳಿನ ಔಷಧ ಪೂರಾ ಜಾಗಾಕ್ಕ ಉಗ್ಗ್ರಿ ಅಂತಾರ. ಏನ್ ಮಾಡೂದ್ರಿ?

ಉತ್ತರ: ಮೊದಲು ಒಂದೇ ಮಾತು, ಈಗ ಎರಡು ಎಕರೆಗೂ ಔಷಧ ಉಗ್ಗಬೇಡಿ. ದುಡ್ಡೂ ಹೋಗುತ್ತೆ, ಹುಳಾನೂ ಸಾಯಲ್ಲ, ಆಮೇಲೆ ನವೆಂಬರ್‌ನಲ್ಲಿ ಅದೇ ಹುಲ್ಲಿನ ಮೇಲೆ ಮಕ್ಕಳು ಬರಿಗಾಲಲ್ಲಿ ಓಡಾಡ್ತವೆ.

ಯಾಕೆ ಸಾಯಲ್ಲ ಅಂತ ಹೇಳ್ತೀನಿ. ಕಬ್ಬಿನ ಸೀಮೆಯಲ್ಲಿ ಸಿಗೋ ಗೊಣ್ಣೆ ಹುಳ ಹೆಚ್ಚಾಗಿ ಹೊಲೊಟ್ರೈಕಿಯಾ ಸೆರ್ರೇಟಾ ಅನ್ನೋ ಕಂದು ದುಂಬಿಯ ಮರಿ, ಇದಕ್ಕೆ ವರ್ಷಕ್ಕೆ ಒಂದೇ ತಲೆಮಾರು. ಮೇ ಜೂನ್‌ನಲ್ಲಿ ಮೊದಲ ಒಳ್ಳೆ ಮಳೆ ಬಿದ್ದ ಸಂಜೆ ದುಂಬಿಗಳು ಮಣ್ಣಿಂದ ಎದ್ದು ಬೇವು, ಜಾಲಿ ಅಂಥ ಮರಕ್ಕೆ ಹಾರ್ತವೆ, ಎಲೆ ತಿಂದು ಜೋಡಿಯಾಗಿ ಬೆಳಗಾಗೋದ್ರೊಳಗೆ ಮತ್ತೆ ಮಣ್ಣಿಗಿಳೀತವೆ, ಅಲ್ಲೇ ಮೊಟ್ಟೆ. ಜೂನ್ ಕೊನೆ ಜುಲೈ ಹೊತ್ತಿಗೆ ಮರಿ ಸಣ್ಣದು, ಬೇರಿನ ಹತ್ತಿರ ಮೇಲ್ಮಣ್ಣಿನಲ್ಲೇ ಇರುತ್ತೆ, ಸುಲಭಕ್ಕೆ ಸಾಯುತ್ತೆ. ಆಗಸ್ಟ್ ಸೆಪ್ಟೆಂಬರ್‌ಗೆ ಬಲಿತು ದಪ್ಪ ಆಗಿ ಬೇರು ಪೂರ್ತಿ ತಿಂದು ಹಾಕುತ್ತೆ. ನಿಮ್ಮ ಕಣ್ಣಿಗೆ ಈಗ ಬಿದ್ದಿರೋದು ಈ ಬಲಿತ ಹುಳ, ಇನ್ನು ಸ್ವಲ್ಪ ದಿನಕ್ಕೆ ಅದು ಕೋಶ, ಅಂದ್ರೆ ದುಂಬಿ ಆಗೋ ಮುಂಚಿನ ಹಂತ, ಆಗೋಕೆ ಆಳಕ್ಕೆ ಇಳಿಯುತ್ತೆ, ಮೇಲೆ ಹಾಕಿದ ಔಷಧ ಅಲ್ಲಿಗೆ ಮುಟ್ಟೋದಿಲ್ಲ.

ಹಾಗಾದ್ರೆ ಈಗ ಏನು ಮಾಡೋದು? ಗುದ್ದಲಿ ತಗೊಂಡು ಇಡೀ ಲಾನ್ ಸುತ್ತಿ, ಹಳದಿ ಜಾಗದಲ್ಲೂ ಹಸಿರು ಇರೋ ಜಾಗದಲ್ಲೂ, ಒಂದಡಿ ಚೌಕ ಮೂರು ಮಗ್ಗುಲು ಕತ್ತರಿಸಿ ನಾಲ್ಕು ಇಂಚು ಆಳಕ್ಕೆ ಹುಲ್ಲು ಮಡಚಿ ನೋಡಿ, ಎಷ್ಟು ಹುಳ ಅಂತ ಎಣಿಸಿ, ನೋಡಿ ಆದ ಮೇಲೆ ವಾಪಸ್ ಮುಚ್ಚಿ ನೀರು ಹಾಕಿದ್ರೆ ಹುಲ್ಲು ಹಿಡ್ಕೊಳ್ಳುತ್ತೆ. ಇದನ್ನ ಒಂದು ಹಾಳೆ ಮೇಲೆ ಗುರುತು ಹಾಕಿ. ಎರಡು ಎಕರೆ ಲಾನ್‌ನಲ್ಲಿ ಹುಳ ಎಲ್ಲಾ ಕಡೆ ಒಂದೇ ಥರ ಇರೋದೇ ಇಲ್ಲ, ನಿಮ್ಮಲ್ಲಿ ಬೇವಿನ ಸಾಲಿನ ಕೆಳಗೆ ಮತ್ತೆ ಕಬ್ಬಿನ ಅಂಚಿಗೆ ಜಾಸ್ತಿ ಸಿಗಬಹುದು ಅಂತ ನನ್ನ ಅಂದಾಜು. ದೊಡ್ಡ ಜಾಗ ಇರೋರಿಗೆ ಈ ಹಾಳೆಗಿಂತ ದೊಡ್ಡ ಉಳಿತಾಯ ಬೇರೆ ಇಲ್ಲ, ಮುಂದಿನ ವರ್ಷ ಗುರುತು ಹಾಕಿದ ಜಾಗಕ್ಕೆ ಮಾತ್ರ ಖರ್ಚು ಮಾಡಿದ್ರೆ ಸಾಕು.

ಪೂರ್ತಿ ಸತ್ತ ಜಾಗ ಹೇಗಿದ್ರೂ ಮತ್ತೆ ಹಾಕಬೇಕು, ಹಾಗಾಗಿ ಅಲ್ಲಿ ಅಗೆದು ಹುಳ ಆರಿಸಿ, ಬೆಳಗ್ಗೆ ಹೊತ್ತು ಅಗೆದ್ರೆ ಬೆಳ್ಳಕ್ಕಿ ಕಾಗೆ ಬಂದು ಉಳಿದದ್ದನ್ನ ಮುಗಿಸ್ತವೆ. ಹಂದಿ ಬರೋದು ಈ ಹುಳಕ್ಕೇನೇ, ಹುಳ ಕಡಿಮೆ ಆದ್ರೆ ಕೆದರೋದೂ ಕಡಿಮೆ ಆಗುತ್ತೆ. ಹೊಸದಾಗಿ ಹಾಕುವಾಗ ಹಸಿ ಸಗಣಿ ಗೊಬ್ಬರ ಮಾತ್ರ ಬೇಡ, ಚೆನ್ನಾಗಿ ಕಳಿತಿರೋದೇ ಬೇಕು. ಬುಕಿಂಗ್ ಇದೆ ಅಂದಿದ್ರೆ ಆ ಜಾಗಕ್ಕೆ ಬೇರೆ ಕಡೆಯಿಂದ ಹುಲ್ಲಿನ ಹಾಸು ತಂದು ಹಾಕ್ಬಹುದು, ಆದ್ರೆ ತರೋ ಮೊದಲು ಅದರ ಬೇರು ಬಿಡಿಸಿ ನೋಡಿ.

ಇನ್ನು ನಿಜವಾದ ಕೆಲಸ ಮುಂದಿನ ಮುಂಗಾರಿಗೆ. ನಿಮ್ಮ ಬೇಲಿಯ ಬೇವಿನ ಮರಗಳನ್ನ ಕಡಿಯೋ ಯೋಚನೆ ಇದ್ರೆ ಬಿಡಿ, ಅವೇ ನಿಮ್ಮ ಬಲೆ. ಮೊದಲ ಮಳೆ ಬಿದ್ದ ಸಂಜೆ ಕತ್ತಲಾದ ಮೇಲೆ, ಏಳೂವರೆ ಎಂಟರ ಹೊತ್ತಿಗೆ, ಮರದ ಕೆಳಗೆ ತಾಡಪತ್ರಿ ಹಾಸಿ ಕೊಕ್ಕೆ ಕೋಲಿಂದ ಕೊಂಬೆ ಅಲುಗಾಡಿಸಿ, ದುಂಬಿಗಳು ಪಟಪಟ ಬೀಳ್ತವೆ, ಹೆಚ್ಚಿನವು ಜೋಡಿಯಾಗೇ ಇರ್ತವೆ ಬೇಗ ಹಾರೋದಿಲ್ಲ, ಗುಡಿಸಿ ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್‌ಗೆ ಹಾಕಿ. ಮೂರ್ನಾಲ್ಕು ಸಂಜೆ ಬಿಡದೆ ಮಾಡಿ, ಮತ್ತೆ ಮುಂದಿನ ಮಳೆಗೂ. ಕಬ್ಬಿನ ನೆರೆಯವರನ್ನೂ ಕರೀರಿ, ಅವರಿಗೂ ಇದೇ ಹುಳದಿಂದ ಕಬ್ಬು ಒಣಗ್ತಾ ಇರುತ್ತೆ, ದುಂಬಿಗೆ ಬೇಲಿ ಲೆಕ್ಕ ಇಲ್ಲ, ನೀವೊಬ್ಬರೇ ಹಿಡಿದ್ರೆ ಅರ್ಧ ಕೆಲಸ.

ಆಮೇಲೆ ಜುಲೈನಲ್ಲಿ, ಗುರುತು ಹಾಕಿದ ಜಾಗಕ್ಕೆ, ಹುಳ ತಿನ್ನೋ ಜಂತು, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ನೆಮಟೋಡ್, ಅಥವಾ ಮೆಟಾರೈಜಿಯಂ ಶಿಲೀಂಧ್ರ ಹಾಕಿ. ಕೃಷಿ ಕೀಟಗಳ ಬಗ್ಗೆ ಸಂಶೋಧನೆ ಮಾಡೋ ಬೆಂಗಳೂರಿನ ಎನ್‌ಬಿಎಐಆರ್ ಸಂಸ್ಥೆ ಹೆಟೆರೊರ‍್ಹಾಬ್ಡೈಟಿಸ್ ಇಂಡಿಕಾ ಅನ್ನೋ ಜಂತುವನ್ನ ಪುಡಿ ರೂಪದಲ್ಲಿ ತಯಾರು ಮಾಡಿದೆ, ಈ ಜಂತು ಹುಳದ ಒಳಗೆ ಹೊಕ್ಕು ತನ್ನ ಜೊತೆಗಿರೋ ಬ್ಯಾಕ್ಟೀರಿಯಾ ಬಿಟ್ಟು ಸಾಯಿಸುತ್ತೆ, ಸತ್ತ ಹುಳ ಇಟ್ಟಿಗೆ ಕೆಂಪು ಬಣ್ಣಕ್ಕೆ ತಿರುಗಿರುತ್ತೆ, ಅಗೆದಾಗ ಅದು ಕಂಡ್ರೆ ಕೆಲಸ ಆಗ್ತಿದೆ ಅಂತ ಅರ್ಥ. ಮೆಟಾರೈಜಿಯಂನಿಂದ ಸತ್ತ ಹುಳದ ಮೈಮೇಲೆ ಹಸಿರು ಬೂಸು ಬರುತ್ತೆ. ಎರಡೂ ಜೀವಂತ ಸರಕು, ಬಿಸಿಲು ಬಿದ್ರೆ ಸಾಯ್ತವೆ, ಅದಕ್ಕೇ ಸಂಜೆ ಹೊತ್ತು, ಮಣ್ಣು ಮೊದಲೇ ಒದ್ದೆ ಮಾಡಿ, ಹಾಕಿದ ಮೇಲೂ ನೀರು ಕೊಟ್ಟು, ಎರಡು ವಾರ ತೇವ ಆರದ ಹಾಗೆ ನೋಡ್ಕೊಳ್ಳಿ. ಜಂತು ಹಾಕೋವಾಗ ಸ್ಪ್ರೇಯರ್‌ನ ಸಣ್ಣ ಜಾಲರಿ ತೆಗೀರಿ, ಇಲ್ಲಾಂದ್ರೆ ಅಲ್ಲೇ ಸಿಕ್ಕಿಹಾಕ್ಕೊಳ್ತವೆ. ಎಲ್ಲಿ ಸಿಗುತ್ತೆ, ಎಷ್ಟು ಹಾಕಬೇಕು ಅಂತ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಇಲ್ಲಾ ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹರಳಿನ ಔಷಧ ಅಂದ್ರಲ್ಲ, ಅದು ಫೋರೇಟ್ ಆಗಿದ್ರೆ ದಯವಿಟ್ಟು ಮುಟ್ಟಬೇಡಿ, 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧ ಆಗಿದೆ. ಹಳೇ ಡಬ್ಬ ಮನೇಲಿದೆ ಅಂತ ಬಳಸೋರು ಇನ್ನೂ ಇದಾರೆ, ಅತೀ ವಿಷ ಅದು.

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಅಡಿಕೆ ತೋಟ. ಬೇರು ಹುಳಕ್ಕೆ ಹೋದ ವರ್ಷ ಔಷಧ ಹಾಕಿದ್ವಿ, ಈ ವರ್ಷ ಮತ್ತೆ ದೊಡ್ಡ ದೊಡ್ಡ ಹುಳ ಸಿಗ್ತಾ ಇದೆ. ಔಷಧಿನೇ ನಕಲಿ ಇರಬಹುದಾ?

ಉತ್ತರ: ಇರಲಾರದು. ಮಲೆನಾಡಿನ ಅಡಿಕೆ ತೋಟದ ಬೇರು ಹುಳ ಲ್ಯೂಕೋಫೋಲಿಸ್ ಜಾತಿದು, ಒಂದು ಸುತ್ತು ಮುಗಿಸೋಕೆ ಅದಕ್ಕೆ ಎರಡು ವರ್ಷ ಬೇಕು, ಅಂದ್ರೆ ನಿಮ್ಮ ಮಣ್ಣಲ್ಲಿ ಸಣ್ಣದು ದೊಡ್ಡದು ಎರಡೂ ಒಟ್ಟಿಗೇ ಇರ್ತವೆ. ಒಂದು ವರ್ಷ ಮಾಡಿ ಬಿಟ್ರೆ ಸಾಲಲ್ಲ. ಬಸಿಗಾಲುವೆ ಹೂಳು ತೆಗೀರಿ, ನೀರು ನಿಂತು ಬೇರು ಸೋತಿರೋ ಮರಕ್ಕೆ ಹುಳದ ಪೆಟ್ಟು ಜಾಸ್ತಿ.

ಪ್ರಶ್ನೆ: ಟೆರೇಸ್ ಗಾರ್ಡನ್ ಗೊಬ್ಬರದ ಡ್ರಮ್ ತುಂಬಾ ದಪ್ಪ ಬಿಳಿ ಹುಳ, ಇದೂ ಗೊಣ್ಣೆ ಹುಳನಾ? ಕುಂಡಕ್ಕೆ ಹಾಕ್ಲಾ?

ಉತ್ತರ: ಒಂದನ್ನ ತೆಗೆದು ಸಮ ಇರೋ ನೆಲದ ಮೇಲೆ ಬಿಡಿ. ಕಾಲು ಮೇಲೆ ಮಾಡ್ಕೊಂಡು ಬೆನ್ನ ಮೇಲೆ ಸರಸರ ಹೋದ್ರೆ ಅದು ಕಳಿತ ಗೊಬ್ಬರ ತಿನ್ನೋ ಹೂದುಂಬಿಯ ಮರಿ, ಗೊಬ್ಬರಕ್ಕೆ ಒಳ್ಳೇದೇ, ಡ್ರಮ್‌ನಲ್ಲೇ ಇರಲಿ. ಮಗ್ಗುಲಾಗಿ ಸುರುಳಿ ಸುತ್ಕೊಂಡು ಬಿದ್ದಿದ್ರೆ ಆರಿಸಿ ತೆಗೀರಿ, ಕುಂಡಕ್ಕೆ ಗೊಬ್ಬರ ಜರಡಿ ಹಿಡಿದೇ ಹಾಕಿ.