ಸಿಹಿನೀರಿಗೆ ಭಾರಲೋಹ ಸೇರಿದರೆ ಸೀಗಡಿ, ಏಡಿಗಳಿಗೆ ಏನಾಗುತ್ತದೆ?

ಮೊದಲ ಪೆಟ್ಟು ಬೀಳುವುದು ಕಿವಿರಿಗೆ. ಸಿಹಿನೀರಿನಲ್ಲಿ ಉಪ್ಪಿನಂಶ ತೀರಾ ಕಡಿಮೆ. ಹಾಗಾಗಿ ಈ ಜೀವಿಗಳು ಸೋಡಿಯಂ, ಕ್ಯಾಲ್ಸಿಯಂಗಳನ್ನು ಕಿವಿರಿನ ಮೂಲಕ ಸದಾ ಒಳಗೆ ಎಳೆದುಕೊಳ್ಳುತ್ತಲೇ ಇರಬೇಕು. ತಾಮ್ರ ಜಾಸ್ತಿಯಾದರೆ ಸೋಡಿಯಂ ಎಳೆಯುವ ಕೆಲಸ ಕುಂಟುತ್ತದೆ. ಕ್ಯಾಡ್ಮಿಯಂ ಇನ್ನೂ ಕೆಟ್ಟದ್ದು. ಅದು ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ನುಸುಳುತ್ತದೆ.

ಇದು ಯಾಕೆ ಅಷ್ಟು ಅಪಾಯ? ಸೀಗಡಿ, ಏಡಿ ಬೆಳೆಯಬೇಕಾದರೆ ಹಳೆ ಚಿಪ್ಪು ಕಳಚಲೇಬೇಕು. ಕಳಚಿದ ಹೊಸತರಲ್ಲಿ ಮೈ ಮೆತ್ತಗಿರುತ್ತದೆ. ಹೊಸ ಚಿಪ್ಪು ಗಟ್ಟಿಯಾಗಲು ತುಂಬಾ ಕ್ಯಾಲ್ಸಿಯಂ ಬೇಕು. ಆ ಹೊತ್ತಿನಲ್ಲೇ ಲೋಹವೂ ಜಾಸ್ತಿ ಒಳ ಸೇರಬಹುದು. ನನ್ನ ಪ್ರಕಾರ ಅವುಗಳ ಬದುಕಿನ ಅತ್ಯಂತ ನಾಜೂಕಿನ ಗಳಿಗೆ ಇದೇ.

ಹಾಗಂತ ತಾಮ್ರ ಬರೀ ವಿಷ ಅಲ್ಲ. ಏಡಿ, ಸೀಗಡಿಗಳ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಸಯನಿನ್‌ನಲ್ಲಿ ಇರುವುದೇ ತಾಮ್ರ. ಅದು ಅತಿಯಾದಾಗ ತೊಂದರೆ. ಸೀಸ, ಪಾದರಸಗಳಿಂದ ಮಾತ್ರ ಅವಕ್ಕೆ ಯಾವ ಉಪಯೋಗವೂ ಇಲ್ಲ.

ಸತ್ತವನ್ನಷ್ಟೇ ಎಣಿಸಿದರೆ ಸಾಲದು. ಸೀಗಡಿ, ಏಡಿಗಳ ಗುಂಪಿಗೇ ಸೇರಿದ ಡಾಫ್ನಿಯಾ ಎಂಬ ಪುಟ್ಟ ಜೀವಿಯ ಮೇಲೆ ಎರಡು ಪರೀಕ್ಷೆ ಮಾಡುತ್ತಾರೆ. 48 ಗಂಟೆಯ ಪರೀಕ್ಷೆಯಲ್ಲಿ ಈಜು ನಿಂತಿತಾ ಎಂದು ನೋಡುತ್ತಾರೆ. 21 ದಿನದ್ದರಲ್ಲಿ ಹುಟ್ಟಿದ ಮರಿಗಳನ್ನು ಎಣಿಸುತ್ತಾರೆ. ಆರಾಮಾಗಿ ಈಜುತ್ತಿರುವ ತಾಯಿಗೂ ಮರಿ ಕಡಿಮೆಯಾಗಿರಬಹುದು. ಕೊಳದಲ್ಲಿ ಇಂಥ ಹಾನಿ ಯಾರ ಕಣ್ಣಿಗೂ ಬೀಳಲ್ಲ, ಅಲ್ವಾ?

ಇನ್ನೊಂದು ವಿಷಯ. ಗಡಸು ನೀರಿನ ಕ್ಯಾಲ್ಸಿಯಂ ಕಿವಿರಿನಲ್ಲಿ ಲೋಹಕ್ಕೆ ಪೈಪೋಟಿ ಕೊಡುತ್ತದೆ. ಅಷ್ಟೇ ಕ್ಯಾಡ್ಮಿಯಂ ಮೆದು ನೀರಿನಲ್ಲಿದ್ದರೆ ಹೆಚ್ಚು ಕೊಲ್ಲುತ್ತದೆ. ನೀರಿನ ವರದಿ ಓದುವಾಗ ಗಡಸುತನದ ಅಂಕಿಯನ್ನೂ ನೋಡಿ.